ಹೆದರಿದರೆ ನಗುವ ಹುಡುಗಿ

ನಮ್ಮ ಗೊಟ್ಟಿಂಗೆನ್ ಊರಿನಲ್ಲಿ ವಿದ್ಯಾರ್ಥಿಗಳಿಗೆ ರೂಮು ಬಾಡಿಗೆಗೆ ಕೊಡುವ ಮುದುಕಿಯರೆಲ್ಲ ಅರ್ಧ ಪಂಡಿತರು. ಓದಿ ಅಲ್ಲ, ಕೇಳಿ ಕೇಳಿ. ನಾನು ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟು ಬ್ರೆಡ್ಡಿನಂಗಡಿಯಲ್ಲಿ ನಿಂತವಳು. ಆದರೂ ಸಮುದ್ರದ ಹುಳುಗಳ ಸಂಸಾರ ಹೇಗೆ ನಡೆಯುತ್ತದೆ, ಹಳೇ ಕಾಲದ ಪರ್ಷಿಯಾದಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಏನು ಪಾಲು ಎಂದು ಯಾರಾದರೂ ಕೇಳಿದರೆ ನಿಂತ ಕಾಲಲ್ಲಿ ಹೇಳಬಲ್ಲೆ. ನನ್ನ ಮಹಡಿಯ ರೂಮಿನಲ್ಲಿ ಇದ್ದು ಹೋದವರೆಲ್ಲ ಕೊನೆಯ ಪರೀಕ್ಷೆಗೆ ಮುಂಚೆ ಕೆಳಗಿಳಿದು ಬಂದು, ಅಡುಗೆಮನೆಯಲ್ಲಿ ಕೂತು, ನನಗೆ ಪಾಠ ಒಪ್ಪಿಸಿಯೇ ಹೋಗಿದ್ದಾರೆ. ನಾನು ಆಲೂಗಡ್ಡೆ ಹೆರೆಯುತ್ತಾ ಕೇಳುತ್ತೇನೆ. ಅರ್ಥವಾಗದ ಕಡೆ ಚಾಕು ನಿಲ್ಲುತ್ತದೆ. ಚಾಕು ನಿಂತರೆ ಅವರು ಮತ್ತೆ ಮೊದಲಿನಿಂದ ಹೇಳಬೇಕು. ಹೀಗೆ ಏಳು ಜನ ಡಾಕ್ಟರಾದರು. ಎಂಟನೆಯವಳಾಗಿ ಬಂದವಳು ತಿಯೂರ್ಮಾ ಸಿಹೋಂಬಿಂಗ್.

ಸುಮಾತ್ರಾ ದ್ವೀಪದಲ್ಲಿ ತೋಬಾ ಎಂಬ ದೊಡ್ಡ ಕೆರೆ ಇದೆ. ಕೆರೆ ಅಂದರೆ ಕೆರೆಯಲ್ಲ, ಆಚೆ ದಡ ಕಾಣದ ನೀರು. ಅದರ ಸುತ್ತ ಕಡಿದಾದ ಗುಡ್ಡಗಳು. ಮಳೆಗಾಲದಲ್ಲಿ ಗುಡ್ಡ ಜಾರಿ ಬಂದು ರಸ್ತೆಯ ಮೇಲೆ ಕೂರುತ್ತದೆ. ತಿಯೂರ್ಮಾ ಹುಡುಗಿಯಾಗಿದ್ದಾಗ ಗುಡ್ಡ ಕೂತಿತೆಂದು ಶಾಲೆಗೆ ರಜೆ ಸಿಗುತ್ತಿತ್ತಂತೆ. ಗುಡ್ಡ ಯಾಕೆ ಜಾರುತ್ತದೆ, ಗಿಡದ ಬೇರು ಅದನ್ನು ಎಷ್ಟು ಹಿಡಿದಿಡುತ್ತದೆ ಎಂದು ಕಲಿಯಲು ಅವಳು ಇಷ್ಟು ದೂರ ಬಂದಳು. ಬಂದಾಗ ಇಪ್ಪತ್ತನಾಲ್ಕು ವರ್ಷ. ಕುಳ್ಳಗೆ, ಗುಂಡಗೆ, ಜಾಕೀಟಿನ ಒಳಗೆ ಇನ್ನೊಂದು ಜಾಕೀಟು. ಬಾಗಿಲು ತೆಗೆದ ನನ್ನನ್ನು ನೋಡಿ "ನಮಸ್ಕಾರ" ಎನ್ನುವ ಮೊದಲೇ ನಗತೊಡಗಿದಳು. ಅಂಥಿಂಥ ನಗುವಲ್ಲ. ಮೊದಲು ಒಲೆಯ ಮೇಲಿಟ್ಟ ಕೆಟಲಿನ ಹಾಗೆ ಸಣ್ಣಗೆ ಕೀಂ ಎಂದಿತು. ಆಮೇಲೆ ಮುಚ್ಚಳ ಹಾರಿತು. ಹೊಸಿಲ ಮೇಲೆ ಕುಕ್ಕರಿಸಿ ಕೂತು, ಪೆಟ್ಟಿಗೆ ತಬ್ಬಿಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ. ಏನೆಂದು ತಿಳಿಯದೆ ಇಬ್ಬರೂ ಹತ್ತು ನಿಮಿಷ ನಕ್ಕೆವು.

ಕಣ್ಣೊರೆಸಿಕೊಂಡು ಅವಳು ಹೇಳಿದ ಮೊದಲ ಮಾತು, "ಕ್ಷಮಿಸಿ ಇನಾಂಗ್. ನಂಗೆ ತುಂಬಾ ಹೆದರಿಕೆ ಆಗಿದೆ."

ಇನಾಂಗ್ ಎಂದರೆ ಅವರ ಕಡೆ ತಾಯಿ. ಅಂದಿನಿಂದ ನಾನು ಅವಳಿಗೆ ಅದೇ ಆದೆ.

ಅದು ಅವಳ ಹಣೆಬರಹ. ಹೆದರಿಕೆಯಾದರೆ ನಗು. ಹೆಚ್ಚು ಹೆದರಿಕೆಯಾದರೆ ಹೆಚ್ಚು ನಗು. ಖುಷಿಯಾದಾಗ ನೆಟ್ಟಗೆ ಇರುತ್ತಾಳೆ, ಗಂಭೀರವಾಗಿ ಎರಡು ತುತ್ತು ಹೆಚ್ಚಿಗೆ ತಿನ್ನುತ್ತಾಳೆ, ಅಷ್ಟೆ. ಒಂದು ಸಲ ಬಸ್ಸಿನಲ್ಲಿ ಟಿಕೆಟ್ ನೋಡುವವನು ಬಂದ. ಜೇಬಿನಲ್ಲಿ ಪಾಸಿದೆ. ಆದರೂ ಅವನ ಮುಖ ನೋಡಿ ಇವಳ ಕೆಟಲು ಕೂಗಿತು.

"ಟಿಕೆಟ್ ಇಲ್ವಾ?" ಎಂದ ಅವನು.

"ಇದೆ, ಇದೆ," ಎಂದು ಹೊಟ್ಟೆ ಹಿಡಿದುಕೊಂಡಳು.

"ಇದ್ರೆ ನಗ್ತೀರಾ ಯಾಕೆ? ಇಪ್ಪತ್ತು ವರ್ಷದಿಂದ ಟಿಕೆಟ್ ನೋಡ್ತಿದ್ದೀನಿ, ಟಿಕೆಟ್ ಇರೋರು ಯಾರೂ ನನ್ನ ನೋಡಿ ನಕ್ಕಿಲ್ಲ."

ಪಾಸು ತೋರಿಸಿದರೂ ಅವನಿಗೆ ನಂಬಿಕೆ ಬರಲಿಲ್ಲ. ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಬೇಸರದಿಂದ ವಾಪಸು ಕೊಟ್ಟ.

ಬಸ್ಸಿನಲ್ಲಾದರೆ ನಡೆಯುತ್ತದೆ. ಪ್ರೊಫೆಸರ್ ಷ್ಟ್ರೂವೆಯವರ ಎದುರು ನಡೆಯಲಿಲ್ಲ. ಕೊಕ್ಕರೆಯ ಹಾಗೆ ಉದ್ದನೆಯ ಮನುಷ್ಯ. ಮೊದಲ ವರ್ಷದ ಬಾಯಿಪರೀಕ್ಷೆಯಲ್ಲಿ ಅವರು ಒಂದು ಪ್ರಶ್ನೆ ಕೇಳಿದರು. ಇವಳು ನಕ್ಕಳು. ಅವರು ಪೆನ್ನನ್ನು ಮೇಜಿನ ಮೇಲೆ ನೆಟ್ಟಗೆ ಜೋಡಿಸಿಟ್ಟು, ನಕ್ಕು ಮುಗಿಯಲೆಂದು ಕಾದರು. ಮುಗಿಯಲಿಲ್ಲ. "ನಗು ಮುಗಿದ ಮೇಲೆ ಮುಂದಿನ ಸಲ ಬನ್ನಿ," ಎಂದು ಫೇಲು ಮಾಡಿ ಕಳಿಸಿದರು. ಆಮೇಲೆ ಬರೆಯುವ ಪರೀಕ್ಷೆಗಳಲ್ಲಿ ಹೇಗೋ ದಾಟಿಕೊಂಡಳು. ಕಾಗದಕ್ಕೆ ನಗು ಕೇಳಿಸುವುದಿಲ್ಲವಲ್ಲ.

ಆದರೆ ಡಾಕ್ಟರ್ ಪದವಿಗೆ ಬಾಯಿಬಿಟ್ಟೇ ಹೇಳಬೇಕು. ಆರು ವರ್ಷದ ಓದು ಮುಗಿದು, ಮೇ ತಿಂಗಳ ಒಂದು ಗುರುವಾರಕ್ಕೆ ದಿನ ಗೊತ್ತಾಯಿತು. ಪರೀಕ್ಷೆ ಮಾಡುವವರು ಮೂವರು. ಅವಳ ಗುರು ಲ್ಯೂಡರ್ಸ್ ಮೇಡಂ, ಹೊರಗಿನಿಂದ ಬರುವ ಒಬ್ಬರು, ಮೂರನೆಯವರು ಷ್ಟ್ರೂವೆ. ಅವಳ ಊರಿನ ಹತ್ತಿರದ ಕಾಲೇಜಿನಲ್ಲಿ ಇವಳಿಗಾಗಿ ಪಾಠ ಹೇಳುವ ಕೆಲಸ ಕಾದಿತ್ತು. ಜುಲೈಯೊಳಗೆ ಡಾಕ್ಟರಾಗಿ ಬಂದರೆ ಇವಳದು, ಇಲ್ಲದಿದ್ದರೆ ಬೇರೆಯವರದು. ಫೇಲಾದರೆ ಮತ್ತೊಂದು ಅವಕಾಶ ಕೊಡುತ್ತಾರೆ, ಆದರೆ ಆರು ತಿಂಗಳು ಬಿಟ್ಟು.

ಹೆಸರು ಕೇಳಿದ ದಿನವೇ ಅಡುಗೆಮನೆಗೆ ಬಂದು ಕುಸಿದು ಕೂತಳು. ಮುಖ ಕೆಂಪಗೆ.

"ಷ್ಟ್ರೂವೆ, ಇನಾಂಗ್," ಎಂದಳು. ಕೀಂ.

"ನಗಬೇಡ."

"ನಗ್ತಿಲ್ಲ," ಎಂದು ಮೇಜಿನ ಮೇಲೆ ಹಣೆಯಿಟ್ಟು ನಕ್ಕಳು.

ಅಂದಿನಿಂದ ನಮ್ಮ ಮನೆಯಲ್ಲಿ ಅಭ್ಯಾಸ ಶುರುವಾಯಿತು. ನನ್ನೆದುರು ಹೇಳುವಾಗ ಅವಳಿಗೆ ಹೆದರಿಕೆ ಇಲ್ಲ, ಹಾಗಾಗಿ ನಗುವೂ ಇಲ್ಲ. ಮಣೆಯ ಮೇಲೆ ರವೆ ಗುಡ್ಡೆ ಹಾಕಿ, ಮಣೆ ಓರೆ ಮಾಡಿ, ನೋಡಿ ಜಾರಿತು ಎನ್ನುವಳು. ಮತ್ತೆ ಗುಡ್ಡೆ ಹಾಕಿ, ನನ್ನ ಸಾರಿನ ಸೊಪ್ಪನ್ನು ಬೇರು ಸಮೇತ ಅದರೊಳಗೆ ಹುದುಗಿಸಿ, ಈಗ ನೋಡಿ ನಿಂತಿತು ಎನ್ನುವಳು. ನನ್ನ ಚಾಕು ಒಂದು ಸಲವೂ ನಿಲ್ಲಲಿಲ್ಲ. ರವೆ ಮಾತ್ರ ಒಂದು ವಾರ ಎಲ್ಲಿ ಕಾಲಿಟ್ಟರೂ ಚರಚರ ಎನ್ನುತ್ತಿತ್ತು.

ಹೆದರಿಸುವವರು ಬೇಕು ಎಂದುಕೊಂಡು ಪಕ್ಕದ ಮನೆಯ ಎವಾಲ್ಡನನ್ನು ಕರೆದೆ. ಎವಾಲ್ಡ್ ರೈಲ್ವೆಯಲ್ಲಿ ನಲವತ್ತೊಂದು ವರ್ಷ ದುಡಿದು ನಿವೃತ್ತನಾದವನು, ಎಪ್ಪತ್ತಾರು ವಯಸ್ಸು. ಕೋಟು ಹಾಕಿ, ಕನ್ನಡಕವನ್ನು ಮೂಗಿನ ತುದಿಗಿಟ್ಟು, ಷ್ಟ್ರೂವೆಯಾಗಿ ಕೂತ.

"ಸಿಹೋಂಬಿಂಗ್ ಅವರೇ," ಎಂದ ಗಡುಸಾಗಿ, "ಕಾಸೆಲ್‌ಗೆ ಹೋಗೋ ಗಾಡಿ ಯಾವ ಪ್ಲಾಟ್‌ಫಾರಂ?"

"ಅದೆಂಥ ಪ್ರಶ್ನೆ ಎವಾಲ್ಡ್?" ಎಂದೆ.

"ನಂಗೆ ಗೊತ್ತಿರೋ ಪ್ರಶ್ನೆ ಅದೊಂದೇ ಎರ್ನಾ. ಹೆದರಿಸೋದು ಮುಖ್ಯ ತಾನೆ?"

ತಿಯೂರ್ಮಾ ಆಗಲೇ ನೆಲದ ಮೇಲಿದ್ದಳು.

ಅವಳೇ ಒಂದು ಉಪಾಯ ತಂದಳು. ಅವರ ಗುಡ್ಡಗಳಲ್ಲಿ ಒಂದು ಕಾಡುಮೆಣಸು ಬೆಳೆಯುತ್ತದೆ, ಜಗಿದರೆ ನಾಲಿಗೆ ತುಟಿ ಜೋಮು ಹಿಡಿಯುತ್ತದೆ. ಅಮ್ಮ ಕಳಿಸಿದ ಡಬ್ಬಿಯಿಂದ ನಾಲ್ಕು ಕಾಳು ದವಡೆಗಿಟ್ಟುಕೊಂಡಳು. ತುಟಿ ಮರಗಟ್ಟಿದರೆ ನಗು ಎಲ್ಲಿಂದ ಬಂದೀತು ಎಂಬ ಲೆಕ್ಕ. ನಗುವೇನೋ ನಿಂತಿತು. ಆದರೆ ಬೇರು ಮಣ್ಣು ಇಳಿಜಾರು ಎಲ್ಲವೂ ಬಾಯಿಂದ ಬರೀ ಬಬಬ ಎಂದು ಬಂದವು. ಎವಾಲ್ಡನೂ ನೋಡುವೆನೆಂದು ಆರು ಕಾಳು ಬಾಯಿಗೆ ಹಾಕಿಕೊಂಡ. ಅವನ ಕೆಳತುಟಿ ಸಂಜೆಯವರೆಗೆ ಅವನ ಮಾತು ಕೇಳಲಿಲ್ಲ. ಕಾಫಿ ಕುಡಿದದ್ದೆಲ್ಲ ಅಂಗಿಯ ಮೇಲೆ.

ಪರೀಕ್ಷೆಯ ಮುನ್ನಾದಿನ ಎವಾಲ್ಡ್ ತನ್ನ ಕೈಗಾಡಿಯನ್ನು ಅಂಗಳಕ್ಕೆ ತಂದ. ನಮ್ಮೂರಿನಲ್ಲಿ ಡಾಕ್ಟರಾದವರನ್ನು ಗೆಳೆಯರು ಸಿಂಗರಿಸಿದ ಕೈಗಾಡಿಯಲ್ಲಿ ಕೂರಿಸಿ ಪೇಟೆಚೌಕದವರೆಗೆ ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಕಾರಂಜಿಯ ನಡುವೆ ಹೆಬ್ಬಾತು ಹಿಡಿದು ನಿಂತಿರುವ ಕಂಚಿನ ಹುಡುಗಿ ಲೀಸೆಲ್. ಅವಳಿಗೆ ಹೂಗುಚ್ಛ ಕೊಟ್ಟು, ಮೇಲೆ ಹತ್ತಿ ಮುತ್ತಿಟ್ಟರೇನೇ ಓದು ಮುಗಿದಂತೆ. ಎವಾಲ್ಡ್ ಗಾಡಿಗೆ ಹಸಿರು ಬಣ್ಣ ಬಳಿದಿದ್ದ. ಕಾಗದದ ಪತಾಕೆ, ಹಿಂಭಾಗಕ್ಕೆ ಹಲಗೆ. ಹಲಗೆಯ ಮೇಲೆ ದೊಡ್ಡದಾಗಿ 'ಡಾಕ್ಟರ್ ಸಿಹೋಂಬಿಂಗ್'.

ನಾನು ಹಲಗೆಗೆ ಅಡ್ಡ ನಿಂತೆ. "ಆಗೋ ಮುಂಚೆ ಬರೀತಾರೇನೋ, ಮುಟ್ಠಾಳ? ಹುಟ್ಟುಹಬ್ಬಕ್ಕೂ ನಾವು ಹಿಂದಿನ ದಿನ ಶುಭಾಶಯ ಹೇಳಲ್ಲ. ಅಪಶಕುನ!"

"ಬಟ್ಟೆ ಮುಚ್ಚಿಡ್ತೀನಿ ಬಿಡೇ."

"ಫಲಿತಾಂಶ ಬರೋವರೆಗೂ ಗಾಡಿ ಮೂಲೆಯ ಆಚೆ ಇರಬೇಕು. ಅವಳ ಕಣ್ಣಿಗೆ ಬೀಳಬಾರದು. ಬಿದ್ರೆ ನಿನ್ನನ್ನ ಲೀಸೆಲ್ ಜೊತೆ ನೀರಿಗೆ ಹಾಕ್ತೀನಿ."

"ಗಾಡಿಗೆ ಬ್ರೇಕೂ ಹಾಕಿದ್ದೀನಿ," ಎಂದ, ನಾನು ಹೇಳಿದ್ದು ಕೇಳಿಸದವನಂತೆ. "ಕಾಲಲ್ಲಿ ಒತ್ತೋದು. ಯಾರ ಕೈಗಾಡೀಲೂ ಇಲ್ಲ."

ಗುರುವಾರ. ಹತ್ತು ಗಂಟೆ ಎಂದು ಬರೆದಿದ್ದರೆ ವಿಶ್ವವಿದ್ಯಾಲಯದಲ್ಲಿ ಹತ್ತೂಕಾಲಿಗೆ ಶುರು. ಎವಾಲ್ಡ್ ಒಂಬತ್ತಕ್ಕೇ ಹೋಗಿ ಕಟ್ಟಡದ ಮೂಲೆಯಾಚೆ ಗಾಡಿ ನಿಲ್ಲಿಸಿದ್ದ. ನನ್ನ ಬೆಣ್ಣೆ ಕೇಕಿನ ತಟ್ಟೆಯನ್ನೂ ಅವನ ವಶಕ್ಕೆ ಕೊಟ್ಟು ಒಳಗೆ ಹೋದೆ. ಕೇಳಬೇಕೆನ್ನುವವರು ಪಕ್ಕದ ಗೋಡೆಯ ಸಾಲಿನಲ್ಲಿ ಕೂರಬಹುದು. ನಾನು ಕೂತೆ. ಪಕ್ಕದಲ್ಲಿ ತಿಯೂರ್ಮಾಳ ಜೊತೆಗೆ ಕೆಲಸ ಮಾಡುವ ನಾಲ್ಕೈದು ಜನ, ಅವರಲ್ಲಿ ಮಾಲ್ಟೆ ಎಂಬ ಹುಡುಗನ ತೊಡೆಯ ಮೇಲೆ ದೊಡ್ಡ ಚೀಲ. ಅದರಲ್ಲಿ ಅವರೆಲ್ಲ ಸೇರಿ ರಟ್ಟಿನಿಂದ ಮಾಡಿದ ಡಾಕ್ಟರ್ ಟೋಪಿ.

ಮೂವರು ಪರೀಕ್ಷಕರು ಕಿಟಕಿಗಳ ಸಾಲಿಗೆ ಬೆನ್ನು ಹಾಕಿ ಕೂತರು. ತಿಯೂರ್ಮಾ ಅವರೆದುರು ನಿಂತಳು. ಅಂದರೆ ಕಿಟಕಿಗಳು ಅವಳ ಮುಖಕ್ಕೆ ನೇರ. ಕಿಟಕಿಯಾಚೆ ಹುಲ್ಲಿನ ಇಳಿಜಾರು, ಕೆಳಗೆ ಲೈಲಾಕ್ ಹೂವಿನ ಬೇಲಿ, ಅದರಾಚೆ ಬಸ್ ಸ್ಟಾಪು.

ಅರ್ಧ ಗಂಟೆ ಮಾತಾಡಿದಳು. ಒಂದು ಸಲವೂ ಕೆಟಲು ಕೂಗಲಿಲ್ಲ. ನನ್ನನ್ನೇ ನೋಡಿ ಹೇಳುತ್ತಿದ್ದಳು. ನಾನು ಮಡಿಲಲ್ಲಿ ಇಲ್ಲದ ಆಲೂಗಡ್ಡೆಯನ್ನು ಇಲ್ಲದ ಚಾಕುವಿನಿಂದ ಹೆರೆಯುತ್ತಲೇ ಇದ್ದೆ. ಲ್ಯೂಡರ್ಸ್ ಮೇಡಂ ಪ್ರಶ್ನೆ ಕೇಳಿದರು, ಹೇಳಿದಳು. ಹೊರಗಿನವರು ಕೇಳಿದರು, ಹೇಳಿದಳು. ಆಮೇಲೆ ಷ್ಟ್ರೂವೆ ಪೆನ್ನನ್ನು ಮೇಜಿನ ಮೇಲೆ ನೆಟ್ಟಗೆ ಜೋಡಿಸಿಟ್ಟರು.

"ಸಿಹೋಂಬಿಂಗ್ ಅವರೇ, ಬೇರು ಇಳಿಜಾರನ್ನ ಹಿಡಿದಿಡುತ್ತೆ ಅಂತೀರಿ. ಒಪ್ಪೋಣ. ಆದ್ರೆ ಮೇಲಿನ ಭಾರ ಹೆಚ್ಚಾದ್ರೆ? ಅದೇ ಬೇರು, ಅದೇ ಗಿಡ, ಎಲ್ಲಾನೂ ಕಟ್ಕೊಂಡು ಕೆಳಗೆ ಹೋಗೋದಿಲ್ವೇ?"

ತಿಯೂರ್ಮಾ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಅವಳ ಕಣ್ಣು ಷ್ಟ್ರೂವೆಯವರ ತಲೆಯ ಮೇಲಿನಿಂದ ಕಿಟಕಿಗೆ ಹೋಯಿತು. ನನ್ನದೂ ಹೋಯಿತು.

ಇಳಿಜಾರಿನ ನೆತ್ತಿಯಲ್ಲಿ ಎವಾಲ್ಡ್, ಗಾಡಿಯ ಒಳಗೆ. ಹಲಗೆಗೆ ಮುಚ್ಚಿದ್ದ ಬಟ್ಟೆ ತೆಗೆದಿದ್ದಾನೆ, ಪತಾಕೆ ಹಾರುತ್ತಿವೆ, ತೊಡೆಯ ಮೇಲೆ ನನ್ನ ಕೇಕು. ರೈಲ್ವೆಯವನು ನೋಡಿ, ಬ್ರೇಕು ಪರೀಕ್ಷೆ ಮಾಡದೆ ಗಾಡಿ ಹೊರಡಿಸಿ ಅವನಿಗೆ ಗೊತ್ತಿಲ್ಲ. ನಲವತ್ತೊಂದು ವರ್ಷದ ಅಭ್ಯಾಸ. ಕಾಲಿನಿಂದ ಒತ್ತಿದ, ಗಾಡಿ ನಿಂತಿತು. ಬಿಟ್ಟ, ಸ್ವಲ್ಪ ಉರುಳಿತು. ಒತ್ತಿದ, ನಿಂತಿತು. ತೃಪ್ತಿಯಿಂದ ತಲೆಯಾಡಿಸಿದ. ಮತ್ತೆ ಬಿಟ್ಟ. ಮತ್ತೆ ಒತ್ತಿದ. ಈ ಸಲ ಬ್ರೇಕು ಕಿತ್ತು ಅವನ ಬೂಟಿನ ಜೊತೆಗೇ ಹೊರಗೆ ಬಂತು.

ಗಾಡಿ ಆತುರವೇನೂ ಮಾಡಲಿಲ್ಲ. ಮೊದಲ ಕಿಟಕಿಯಲ್ಲಿ ಮೆಲ್ಲಗೆ ಬಂತು, ಎರಡನೆಯದರಲ್ಲಿ ಸ್ವಲ್ಪ ಜೋರಾಯಿತು. ಎವಾಲ್ಡ್ ಒಂದು ಕೈಯಲ್ಲಿ ಕೇಕು, ಒಂದು ಕೈಯಲ್ಲಿ ಬ್ರೇಕು ಹಿಡಿದು, ರಾಜ ಸವಾರಿ ಹೊರಟಂತೆ ನೆಟ್ಟಗೆ ಕೂತು ನಮ್ಮೆದುರು ಹಾದುಹೋದ.

ಕೀಂ.

ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಳ ಹಾರಿತು. ಆರು ವರ್ಷದಲ್ಲಿ ಅಂಥ ನಗುವನ್ನು ನಾನು ಕೇಳಿರಲಿಲ್ಲ. ಸೀಮೆಸುಣ್ಣದ ಹಲಗೆ ಹಿಡಿದುಕೊಂಡು ನಗುತ್ತಿದ್ದಾಳೆ, ಹಲಗೆಯೂ ಗಡಗಡ ಎನ್ನುತ್ತಿದೆ.

"ಸಿಹೋಂಬಿಂಗ್ ಅವರೇ," ಎಂದರು ಷ್ಟ್ರೂವೆ, ಮಂಜುಗಡ್ಡೆಯಂಥ ಸ್ವರದಲ್ಲಿ, "ನನ್ನ ಪ್ರಶ್ನೆಯಲ್ಲಿ ನಗೋಂಥದ್ದು ಏನಿದೆ?"

ಮುಗಿಯಿತು, ಎಂದುಕೊಂಡೆ. ಕಾಲೇಜು ಹೋಯಿತು, ಕೆಲಸ ಹೋಯಿತು. ಆದರೆ ಅವಳು ಕೈ ಎತ್ತಿ ಕಿಟಕಿಯ ಕಡೆ ತೋರಿಸಿದಳು.

"ಉತ್ತರ ನಿಮ್ಮ ಬೆನ್ನ ಹಿಂದೆ ಹೋಗ್ತಿದೆ ಸಾರ್."

ಮೂವರೂ ತಿರುಗಿದರು.

"ಇಳಿಜಾರು," ಎಂದಳು ನಗುವಿನ ನಡುವೆ ಉಸಿರು ಹುಡುಕುತ್ತಾ, "ಒಂಬತ್ತು ಡಿಗ್ರಿ. ಬರೀ ಹುಲ್ಲು... ಬೇರು ಒಂದು ಬೆರಳು ಆಳ... ಭಾರ... ಒಬ್ಬ ಅಜ್ಜ... ಒಂದು ಕೇಕು!"

ಷ್ಟ್ರೂವೆ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಉರುಳುತ್ತಿದ್ದ ಎವಾಲ್ಡನನ್ನು ಗಮನವಿಟ್ಟು ನೋಡಿದರು.

"ಎಲ್ಲಿ ನಿಲ್ಲುತ್ತೆ?"

"ಲೈಲಾಕ್ ಬೇಲೀಲಿ. ಹಳೇ ಬೇಲಿ ಸಾರ್, ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಿಡಿಯುತ್ತೆ. ಹೋದ ವರ್ಷ ನೆಟ್ಟ ಬೇಲಿ ಆಗಿದ್ರೆ ಅಜ್ಜ ಬಸ್ ಸ್ಟಾಪಲ್ಲಿ!"

ಅವಳ ಮಾತು ಮುಗಿಯುವುದಕ್ಕೂ ಗಾಡಿ ಬೇಲಿಗೆ ನುಗ್ಗುವುದಕ್ಕೂ ಸರಿಹೋಯಿತು. ನೇರಳೆ ಹೂವು ಮೋಡದಂತೆ ಎದ್ದಿತು. ಬೇಲಿ ಹಿಡಿಯಿತು.

"ಇಬ್ಬರು ಕೂತಿದ್ರೆ?" ಎಂದು ಕೇಳಿದರು ಷ್ಟ್ರೂವೆ, ಕಿಟಕಿಯಿಂದ ಕಣ್ಣು ತೆಗೆಯದೆ.

ತಿಯೂರ್ಮಾಳ ನಗು ಥಟ್ಟನೆ ನಿಂತಿತು. ಲೆಕ್ಕ ಬಂದರೆ ಅವಳಿಗೆ ಹೆದರಿಕೆ ಮರೆತುಹೋಗುತ್ತದೆ. ಹಲಗೆಯ ಮೇಲೆ ಎರಡು ಸಾಲು ಗೀಚಿದಳು. "ನಿನ್ನೆ ಮಳೆ ಬಂದಿತ್ತಾ ಅನ್ನೋದರ ಮೇಲೆ ಇದೆ."

"ಬಂದಿತ್ತು. ರಾತ್ರಿಯಿಡೀ."

"ಹಾಗಾದ್ರೆ ಬೇಲೀನೂ ಹೋಗ್ತಿತ್ತು, ಅವರಿಬ್ಬರೂ ಹೋಗ್ತಿದ್ರು. ನೀವು ಹೇಳಿದ ಹಾಗೆ, ಎಲ್ಲಾನೂ ಕಟ್ಕೊಂಡು. ಒಣ ಮಣ್ಣಲ್ಲಿ ಬೇರು ಗೆಲ್ಲುತ್ತೆ. ನೆನೆದ ಮಣ್ಣಲ್ಲಿ ಭಾರ ಒಂದು ಹದ ಮೀರಿದ್ರೆ ಬೇರು ಸೋಲುತ್ತೆ. ಆ ಹದ ಎಷ್ಟು ಅಂತ ಹುಡುಕೋಕೇ ನಂಗೆ ನಾಲ್ಕು ವರ್ಷ ಹಿಡೀತು."

ಷ್ಟ್ರೂವೆ ಪೆನ್ನು ಎತ್ತಿಕೊಂಡು ಏನೋ ಬರೆದರು. ಲ್ಯೂಡರ್ಸ್ ಮೇಡಂ ಕಿಟಕಿ ತೆರೆದು ಕೂಗಿದರು, "ಯಜಮಾನ್ರೇ, ಜೀವ ಇದೆಯಾ?"

ಬೇಲಿಯೊಳಗಿಂದ ದನಿ ಬಂತು. "ಬ್ರೇಕು ಸರಿಯಿಲ್ಲ! ಗಾಡಿ ಹೊರಡಿಸಬೇಡಿ!"

ಎಲ್ಲರನ್ನೂ ಹೊರಗೆ ಕಳಿಸಿ ಅವರು ಬಾಗಿಲು ಹಾಕಿಕೊಂಡರು. ಆಮೇಲೆ ಅವಳನ್ನೊಬ್ಬಳನ್ನೇ ಒಳಗೆ ಕರೆದರು. ಅಷ್ಟರಲ್ಲಿ ನಾನೂ ಮಾಲ್ಟೆಯೂ ಎವಾಲ್ಡನನ್ನು ಬೇಲಿಯಿಂದ ಬಿಡಿಸಿ ಗಾಡಿಯ ಸಮೇತ ಬಾಗಿಲಿನ ತನಕ ಎಳೆದು ತಂದಿದ್ದೆವು. ಕಣಕಾಲು ಉಳುಕಿ ಊದಿತ್ತು. ಕಿವಿಯ ಹಿಂದೆ ಲೈಲಾಕ್ ಹೂವು. ಕೇಕಿಗೆ ಏನೂ ಆಗಿರಲಿಲ್ಲ.

"ಪಾಪಿ," ಎಂದೆ. "ಅವಳು ಫೇಲಾದ್ರೆ ಆ ಹಲಗೆ ನಿನ್ನ ಕೈಲೇ ತಿನ್ನಿಸ್ತೀನಿ."

"ನಂಗೇನು ಗೊತ್ತಿತ್ತು, ಅದೇ ಕಿಟಕಿ ಅಂತ? ಎರ್ನಾ, ಅಳ್ತಿದ್ದೀಯಾ?"

"ನಿನ್ನ ಕಾಲು ನೋಡೋಕಾಗ್ತಿಲ್ಲ, ಅದಕ್ಕೆ."

ಹತ್ತು ನಿಮಿಷ. ಕಾಲು ಗಂಟೆ. ಒಳಗಿನಿಂದ ನಗುವಿನ ಸದ್ದಿಲ್ಲ. ಕೊನೆಗೆ ಬಾಗಿಲು ತೆರೆದು ತಿಯೂರ್ಮಾ ಬಂದಳು. ಮುಖ ಕಲ್ಲಿನ ಹಾಗೆ.

"ಏನಾಯ್ತು ಮಗಳೇ?" ಎಂದ ಎವಾಲ್ಡ್ ಮೆಲ್ಲಗೆ.

ಅವಳು ಬಾಯಿ ತೆರೆದಳು. "ಹಿಕ್," ಎಂದಳು. ಬಿಕ್ಕಳಿಕೆ. ಮತ್ತೆ ಪ್ರಯತ್ನಿಸಿದಳು. "ಹಿಕ್."

ಅವಳ ಹಿಂದೆ ಷ್ಟ್ರೂವೆ ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ ಹೊರಗೆ ಬಂದರು. "ಡಾಕ್ಟರ್ ಸಿಹೋಂಬಿಂಗ್ ಅವರಿಗೆ ಯಾರಾದ್ರೂ ನೀರು ಕೊಡಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಪರೀಕ್ಷೆಯಲ್ಲಿ ನಗಬಾರದು ಅಂತ ನಿಯಮಾವಳಿಯಲ್ಲಿ ಎಲ್ಲೂ ಇಲ್ಲ. ಈಗಷ್ಟೇ ಪೂರ್ತಿ ಓದಿದೆ. ತಡವಾಗಿದ್ದು ಅದಕ್ಕೇ," ಎಂದರು.

ಮಾಲ್ಟೆ ಕಿರುಚಿದ. ಟೋಪಿ ಹೊರಗೆ ಬಂತು. ರಟ್ಟಿನ ಟೋಪಿಯ ಮೇಲೆ ಪುಟ್ಟ ಗುಡ್ಡ, ಗುಡ್ಡದ ಮೇಲೆ ಪಾಚಿ, ತುದಿಯಲ್ಲಿ ಬಟಾಣಿ ಕಾಳಿನಷ್ಟು ಚಿಕ್ಕ ಬಸ್ಸು. ಎಲ್ಲರೂ ಅವಳನ್ನು ಎತ್ತಿ ಗಾಡಿಯ ಹತ್ತಿರ ಒಯ್ದರು. ಗಾಡಿಯಲ್ಲಿ ಜಾಗವಿಲ್ಲ. ಎವಾಲ್ಡ್ ಕೂತಿದ್ದಾನೆ, ಇಳಿದು ನಡೆಯುವಂತಿಲ್ಲ.

"ನಾನಿಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ," ಎಂದ ಅವನು ದೊಡ್ಡ ಮನಸ್ಸಿನಿಂದ, ಅಲ್ಲಾಡದೆ.

"ಬಿಟ್ಟು ಹೋಗೋದಾ? ಹಿಕ್. ನಿಮ್ಮನ್ನಾ?" ಎಂದಳು ತಿಯೂರ್ಮಾ. ಗಾಡಿಯ ಹಿಡಿ ತಾನೇ ಹಿಡಿದಳು.

ಹಾಗೆ ನಮ್ಮ ಮೆರವಣಿಗೆ ಹೊರಟಿತು. ಹೊಸ ಡಾಕ್ಟರು ಟೋಪಿ ಹಾಕಿಕೊಂಡು ಎಳೆಯುವುದು, ರೈಲ್ವೆಯ ಮುದುಕ ಕೇಕು ಹಿಡಿದು ಕೂರುವುದು. ಮಾಲ್ಟೆ ಹಿಂದಿನಿಂದ ಹಗ್ಗ ಕಟ್ಟಿ ಬ್ರೇಕಿನ ಕೆಲಸ ಮಾಡಿದ. ಬೀದಿಯ ಜನ ಹಲಗೆ ಓದಿ, ಗಾಡಿಯಲ್ಲಿ ಕೂತವನನ್ನು ನೋಡಿ, ಚಪ್ಪಾಳೆ ತಟ್ಟಿದರು.

"ಅಭಿನಂದನೆ ಡಾಕ್ಟರ್ ಸಿಹೋಂಬಿಂಗ್! ಈ ವಯಸ್ಸಲ್ಲಿ!" ಎಂದಳು ಒಬ್ಬ ಹೆಂಗಸು.

"ಸ್ವಲ್ಪ ತಡವಾಯ್ತು," ಎಂದ ಎವಾಲ್ಡ್ ಟೋಪಿಯಿಲ್ಲದ ತಲೆ ಬಾಗಿಸಿ.

"ವಿಷಯ ಯಾವುದು?"

"ಇಳಿಜಾರು. ಲೆಕ್ಕ ಎಲ್ಲ ಈ ಹುಡುಗೀದು. ಪ್ರಯೋಗ ಮಾತ್ರ ನಂದು."

ಚೌಕದಲ್ಲಿ ಬಿಸಿಲು. ತಿಯೂರ್ಮಾ ಬೂಟು ಬಿಚ್ಚಿ, ಹೂಗುಚ್ಛ ಹಲ್ಲಿನಲ್ಲಿ ಕಚ್ಚಿಕೊಂಡು, ಕಾರಂಜಿಯ ಅಂಚು ಹತ್ತಿದಳು. ಲೀಸೆಲ್ ಎತ್ತರ, ಇವಳು ಕುಳ್ಳಿ. ಮೂರು ಜನ ಕೆಳಗಿನಿಂದ ತಳ್ಳಿದೆವು. ಮಾಲ್ಟೆ ಫೋನು ಎತ್ತಿ ಹಿಡಿದ. ಅದರೊಳಗೆ ಅವಳ ಊರು, ಅಲ್ಲಿ ಆಗಲೇ ಸಂಜೆ. ಮನೆಯ ಮುಂದೆ ಅಮ್ಮ, ಅಪ್ಪ, ಚಿಕ್ಕಪ್ಪಂದಿರು, ಅತ್ತೆಯಂದಿರು, ಹನ್ನೆರಡು ಜನ ಸಾಲಾಗಿ ಕೂತಿದ್ದಾರೆ. ಹನ್ನೆರಡೂ ಜನ ನಗುತ್ತಿದ್ದಾರೆ. ಹನ್ನೆರಡು ಕೆಟಲು ಒಟ್ಟಿಗೆ ಕೂಗಿದಂತೆ ಫೋನು ಒದರುತ್ತಿದೆ. ಒಬ್ಬ ಅತ್ತೆ ಕುರ್ಚಿಯಿಂದ ಜಾರಿ ಕೆಳಗೆ ಕೂತಿದ್ದಳು.

ತಿಯೂರ್ಮಾ ಲೀಸೆಲ್‌ಳ ಕತ್ತಿಗೆ ಕೈ ಹಾಕಿ ಕೆನ್ನೆಗೆ ಮುತ್ತಿಟ್ಟಳು. ಚೌಕವೆಲ್ಲ ಹೋ ಎಂದಿತು. ಅವಳು ಫೋನಿನ ಕಡೆ ತಿರುಗಿ ಎರಡು ಮಾತು ಕೂಗಿದಳು. ಆ ಕಡೆ ನಗು ಒಂದೇ ಸಲ ನಿಂತಿತು. ಅಮ್ಮ ಮುಖ ಒರೆಸಿಕೊಂಡು, ಬಹಳ ಗಂಭೀರವಾಗಿ ಏನೋ ಹೇಳಿ, ಎದ್ದಳು. ಉಳಿದವರೂ ಎದ್ದು ಬಟ್ಟೆ ಕೊಡವಿಕೊಂಡರು.

"ಏನಂತೆ?" ಎಂದೆ ಕೆಳಗಿನಿಂದ, ಅವಳ ಕಾಲು ಹಿಡಿದುಕೊಂಡು.

"ಬೆಳಗ್ಗಿನಿಂದ ಒಬ್ಬರೂ ಒಂದು ತುತ್ತು ತಿಂದಿಲ್ವಂತೆ ಇನಾಂಗ್. ಈಗ ಊಟಕ್ಕೆ ಕೂರ್ತಾರಂತೆ," ಎಂದಳು ಡಾಕ್ಟರ್ ಸಿಹೋಂಬಿಂಗ್. ಮುಖ ಗಂಭೀರ. "ನಂಗೂ ಕೇಕು ಕೊಡಿ. ಎರಡು ತುಂಡು."